ಏಳನೇ ಪಟ್ಟಿಯ ಹಸಿರು ದೀಪ

ಕಂತು ಆರು

ಸತ್ತವನ ಅಂಗಿಗಳಲ್ಲಿ ಒಂದಕ್ಕೂ ಗುಂಡಿಯಿರಲಿಲ್ಲ.

ಕಬ್ಬಿಣದ ಕಪಾಟಿನಲ್ಲಿ ಒಂಬತ್ತು ಅಂಗಿ ತೂಗುತ್ತಿದ್ದವು. ಒಂಬತ್ತಕ್ಕೂ ಗುಂಡಿ ಕಿತ್ತು, ಆ ಜಾಗದಲ್ಲಿ ಟಿಚ್ ಬಟನ್ ಹೊಲಿದಿತ್ತು. ಒತ್ತಿದರೆ ಕೂಡುವಂಥದು, ಎಳೆದರೆ ಬಿಡುವಂಥದು. ಕೂಸುಗಳ ಬಟ್ಟೆಗೆ ಹಾಕುತ್ತಾರಲ್ಲ, ಅದೇ.

ತನಿಖಾಧಿಕಾರಿ ಒಂದು ಅಂಗಿಯ ತೋಳು ಹಿಡಿದು ನಿಂತ. ಹಿಡಿದಿದ್ದೇನೆ ಅಂತ ಅವನ ಕಣ್ಣಿಗೆ ಗೊತ್ತಾಗುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹದಿನೆಂಟು ವರ್ಷ ಹಳಿಯ ಮೇಲೆ ಜಲ್ಲಿ ಬಡಿಯುವ ಯಂತ್ರ ಹಿಡಿದ ಕೈ ಅದು. ಯಂತ್ರ ನಡುಗಿ ನಡುಗಿ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಹತ್ತಿದ ಜೋಮು ಆಮೇಲೆ ಇಳಿಯಲೇ ಇಲ್ಲ. ಇಲಾಖೆಯವರು ಅವನನ್ನು ಹಳಿಯಿಂದ ಎತ್ತಿ ಅಪಘಾತ ತನಿಖೆಯ ಮೇಜಿಗೆ ತಂದು ಕೂರಿಸಿದ್ದರು. ಬೆನ್ನ ಹಿಂದೆ ಎಲ್ಲರೂ ಅವನನ್ನು ಮರಗೈ ಅನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ಅವನಿಗೆ ಬೇಸರವೇನೂ ಆಗುತ್ತಿರಲಿಲ್ಲ. ಬೇಸರ, ಸಿಟ್ಟು, ಅಯ್ಯೋ ಪಾಪ ಅನ್ನುವುದು, ಇವೆಲ್ಲ ಈಚೆಗೆ ಅವನ ಕೈಯ ಹಾಗೇ ಆಗಿದ್ದವು.

"ಇದು ಯಾವಾಗಿಂದ ತಾಯಿ?" ಅಂದ.

ಸತ್ತವನ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಐದು ದಿನದಿಂದ ಅತ್ತು ಅತ್ತು ಈಗ ಅಳು ಮುಗಿದ ಮುಖ.

"ನಾಲ್ಕು ವರ್ಷ ಆಯ್ತು ಸಾರ್. ಗುಂಡಿ ಹಾಕ್ಕೊಳಕ್ಕೆ ಆಗ್ತಿರ್ಲಿಲ್ಲ ಅವರಿಗೆ. ಬೆರಳೆಲ್ಲ ಬೆಳ್ಳಗಾಗಿ ಮರಗಟ್ಟಿದ್ವು. ಒಂದು ಗುಂಡಿಗೆ ಕಾಲು ಗಂಟೆ. ನನ್ನ ಹತ್ರ ಹಾಕಿಸ್ಕೊಳಕ್ಕೆ ನಾಚಿಕೆ. ಅದಕ್ಕೇ ನಾನೇ ಕಿತ್ತು ಹೊಲಿದೆ."

ಐದು ದಿನದ ಹಿಂದೆ, ಸಂಜೆ ನಾಲ್ಕು ಹನ್ನೆರಡರ ಗಾಡಿ ಅವಳ ಗಂಡನ ಮೇಲೆ ಹಾದುಹೋಗಿತ್ತು.

ಹಳಿ ರಿಪೇರಿ ಗ್ಯಾಂಗಿಗೆ ಮೊದಲು ಒಬ್ಬ ಕಾವಲಿನವನು ಇರುತ್ತಿದ್ದ. ಕೊರಳಲ್ಲಿ ಸೀಟಿ, ಕೈಯಲ್ಲಿ ಕೆಂಪು ಬಾವುಟ. ಮೂರು ತಿಂಗಳ ಹಿಂದೆ ಅವನನ್ನು ಮನೆಗೆ ಕಳಿಸಿ, ಒಂದು ಪೆಟ್ಟಿಗೆ ಮತ್ತು ಏಳು ಪಟ್ಟಿ ತಂದರು. ಎರಡು ಕಿಲೋಮೀಟರ್ ಆಚೆ ಹಳಿಗೆ ಕಚ್ಚಿಸಿದ ಸಾಧನ ಗಾಡಿಯನ್ನು ಕಂಡರೆ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಏಳು ಜನರ ಮಣಿಕಟ್ಟಿನ ಏಳು ಪಟ್ಟಿಗೆ ಹೇಳುತ್ತದೆ. ಪಟ್ಟಿ ನಡುಗುತ್ತದೆ, ಕೆಂಪು ದೀಪ ಮಿಟುಕಿಸುತ್ತದೆ. ಹಳಿಯಿಂದ ಇಳಿದವನು ಪಟ್ಟಿಯ ಮೇಲಿನ ಒತ್ತುಗುಂಡಿಯನ್ನು ಎರಡು ಸೆಕೆಂಡು ಅದುಮಿ ಹಿಡಿದರೆ ದೀಪ ಹಸಿರಾಗುತ್ತದೆ. ಹತ್ತು ಸೆಕೆಂಡಿನೊಳಗೆ ಒಬ್ಬನೇ ಒಬ್ಬ ಒತ್ತದೆ ಉಳಿದರೂ ಪೆಟ್ಟಿಗೆಯ ಸೈರನ್ ಸತ್ತವರೂ ಎದ್ದು ಕೂರುವ ಹಾಗೆ ಕೂಗುತ್ತದೆ. ಯಾರ ಪಟ್ಟಿ ಎಷ್ಟು ಹೊತ್ತಿಗೆ ಹಸಿರಾಯಿತು ಅನ್ನುವುದು ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗುತ್ತದೆ.

ಆ ಸಂಜೆ ಸೈರನ್ ಕೂಗಲಿಲ್ಲ. ಏಳನೇ ಪಟ್ಟಿ ಸತ್ತವನದು, ಅದು ಹೆಣದ ಕೈಯಲ್ಲೇ ಸಿಕ್ಕಿತ್ತು. ಅದನ್ನು ಒತ್ತಿದ ದಾಖಲೆಯೂ ಇತ್ತು. ಅಂದರೆ ಎಚ್ಚರಿಕೆ ಬಂದಿದೆ, ಮನುಷ್ಯ ಒತ್ತಿದ್ದಾನೆ, ಒತ್ತಿದ ಮೇಲೂ ಹಳಿಯ ಮೇಲೇ ನಿಂತಿದ್ದಾನೆ. ಬೇಕಂತಲೇ ನಿಂತಿದ್ದಾನೆ. ಪೆಟ್ಟಿಗೆ ಮಾಡಿದ ಕಂಪನಿಯ ಎಂಜಿನಿಯರ್ ಹಾಗಂತ ಬರೆದುಕೊಟ್ಟಿದ್ದ. ಅದರ ಕೆಳಗೆ ಮರಗೈ ಇವತ್ತು ಐದು ಗಂಟೆಯೊಳಗೆ ಸಹಿ ಹಾಕಬೇಕಿತ್ತು.

"ಅವತ್ತು ಬೆಳಿಗ್ಗೆ ಮನೇಲಿ ಏನಾದ್ರೂ ಆಯ್ತಾ?"

ಹೆಂಡತಿ ಕಿಟಕಿಯ ಕಡೆ ನೋಡಿದಳು. ಅಲ್ಲಿ ಸ್ಟೂಲಿನ ಮೇಲೆ ಹದಿನಾಲ್ಕರ ಮಗಳು, ಹಳಿಗೆ ಬೆನ್ನು ಹಾಕಿ ಕೂತಿದ್ದಳು. ಸ್ಕೂಲು ಚೀಲ ತೊಡೆಯ ಮೇಲಿತ್ತು. ಐದು ದಿನದಿಂದ ಅವಳು ಒಂದು ಮಾತೂ ಆಡಿರಲಿಲ್ಲ.

"ಟೀ ಲೋಟ ಇವರ ಕೈಯಿಂದ ಜಾರಿತ್ತು," ಹೆಂಡತಿ ದನಿ ತಗ್ಗಿಸಿದಳು. "ಜಾರಿದ್ದೇ ಗೊತ್ತಾಗ್ಲಿಲ್ಲ ಅವರಿಗೆ. ಬಿಸಿ ಪಾದದ ಮೇಲೆ ಬಿದ್ದಾಗಲೇ ಗೊತ್ತಾಗಿದ್ದು. ಇವಳು ಎದ್ದು ನಿಂತು, 'ಕೈ ಸತ್ತೋಗಿದೆ ಅಂತ ಡಾಕ್ಟರ್‌ಗೆ ನೀನೇ ಹೇಳ್ತೀಯೋ, ಇಲ್ಲ ನಾನು ಹೋಗಿ ಹೇಳ್ಲೋ' ಅಂದ್ಲು. ಇವರು ಕಾಲು ಒರೆಸ್ಕೊಂಡ್ರು. ಊಟದ ಡಬ್ಬಿ ತಗೊಂಡು ಹೋದ್ರು."

"ಆಮೇಲೆ?" ಕುರ್ಚಿಯ ಮೇಲಿಟ್ಟಿದ್ದ ಮರಗೈಯ ಚೀಲ ಒಂಚೂರು ಸರಿಯಿತು.

"ಆಮೇಲೆ ಏನ್ ಸಾರ್. ಅವತ್ತು ರಾತ್ರೀನೇ ಆ ಕಂಪನಿ ಎಂಜಿನಿಯರ್ರು ಮನೆಗೇ ಬಂದ್ರು. 'ಒತ್ತಿದಾರೆ ಅಮ್ಮ, ಒತ್ತಿ ನಿಂತಿದಾರೆ' ಅಂತ ಕಾಗದ ತೋರಿಸಿದ್ರು. ಇವಳು ಆ ಕಾಗದ ಎರಡು ಸಲ ಓದಿದ್ಲು. ಅಷ್ಟೇ, ಬಾಯಿ ಬಿದ್ದೋಯ್ತು. ತನ್ನ ಮಾತಿಗೇ ಅಪ್ಪ ಹೋಗಿ ನಿಂತ ಅಂತ ಕೂತಿದಾಳೆ." ಅವಳು ಸೆರಗು ಸರಿ ಮಾಡಿಕೊಂಡಳು. "ಹೌದೋ ಅಲ್ವೋ, ಅಷ್ಟು ಹೇಳಿ ಸಾರ್. ನನಗೆ ನಿಮ್ಮಿಂದ ಬೇರೇನೂ ಬೇಡ."

ಅಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಹಾದುಹೋಯಿತು. ಮನೆಗೂ ಹಳಿಗೂ ಮೂವತ್ತು ಹೆಜ್ಜೆ. ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಕುರ್ಚಿಯ ಮೇಲಿಟ್ಟಿದ್ದ ಮರಗೈಯ ಚೀಲ ಒಂಚೂರು ಸರಿಯಿತು. ಮಗಳು ತಿರುಗಿ ನೋಡಲಿಲ್ಲ.

ಗಾಡಿಯ ಸದ್ದು ಅಡಗಿದ ಮೇಲೆ ಮರಗೈ ಕೇಳಿದ. "ವರ್ಷಕ್ಕೊಂದ್ಸಲ ಡಾಕ್ಟರ್ ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ಚುಚ್ತಾರೆ. ಅದ್ರಲ್ಲಿ ನಿಮ್ಮ ಯಜಮಾನರು ಹೇಗೆ ಪಾಸಾಗ್ತಿದ್ರು?"

ಅವಳು ಕಪಾಟಿನ ಬಾಗಿಲು ಮುಚ್ಚಿದಳು.

"ಹೇಳಿ ತಾಯಿ. ನಾನೂ ಆ ಕಳ್ಳ ದಾರೀಲೇ ಬಂದೋನು. ನಮ್ಮ ಡಾಕ್ಟರ್ ಚುಚ್ಚೋಕೆ ಮುಂಚೆ ಉಸಿರು ಹಿಡಿಯೋರು. ನಾನು ಅವರ ಉಸಿರು ಕೇಳಿಸ್ಕೊಂಡು 'ಹಾಂ' ಅಂತಿದ್ದೆ."

"ನಮ್ಮಣ್ಣ ಪಕ್ಕದ ಬೆಂಚಲ್ಲಿ ಕೂತಿರ್ತಿದ್ದ," ಅಂದಳು ಅವಳು. "ಸೂಜಿ ಬಂದಾಗೆಲ್ಲ ಕೆಮ್ಮೋನು."

ಅವಳ ಅಣ್ಣನೇ ಆ ಗ್ಯಾಂಗಿನ ಮೇಸ್ತ್ರಿ. ನಗು ಬರಬೇಕಾದ ಜಾಗ ಅದು. ಮರಗೈಗೆ ನಗು ಬರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

*

ಹತ್ಯಾರಿನ ಕೊಠಡಿ ಹಳಿಯ ಪಕ್ಕದಲ್ಲೇ ಇತ್ತು. ತಗಡಿನ ಮಾಡು, ಗ್ರೀಸಿನ ವಾಸನೆ, ಗೋಡೆಗೆ ಒರಗಿಸಿದ ಹಾರೆಗಳು. ಮೇಸ್ತ್ರಿ ಮರದ ಬೆಂಚಿನ ಮೇಲೆ ಕೂತು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಇಡುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಮರಗೈ ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ದೊಡ್ಡ ಸಾಹೇಬರು.

"ಏನ್ರೀ, ಬೆಟ್ಟ ಅಗೆದು ಇಲಿ ಹಿಡೀತಿದೀರಾ? ಮೂರು ತಿಂಗಳಲ್ಲಿ ಒಂದೇ ಒಂದು ಸಲ ಸೈರನ್ ಕೂಗಿಲ್ಲ, ಒಂದು ನಿಮಿಷ ಕೆಲಸ ನಿಂತಿಲ್ಲ. ಇಷ್ಟು ಚೆನ್ನಾಗಿರೋ ಯಂತ್ರ ಎಲ್ಲಿ ಸಿಗುತ್ತೆ? ಸೋಮವಾರದಿಂದ ನಾನೂರು ಗ್ಯಾಂಗಿಗೆ ಇದೇ ಪಟ್ಟಿ. ಐದಕ್ಕೆ ನಿಮ್ಮ ಸಹಿ ನನ್ನ ಮೇಜಿನ ಮೇಲಿರ್ಲಿ."

"ಆಗ್ಲಿ ಸಾರ್," ಅಂದ ಮರಗೈ. ಅವನು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದ. ಫೋನು ಜೇಬಿಗೆ ಹಾಕಿ, ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮೇಸ್ತ್ರಿಯ ಎದುರು ಕೂತ.

"ಪಟ್ಟಿ ವಿಷಯ ಮಾತಾಡೋಣ ಅಂತ ಬಂದೆ."

ಪಟ್ಟಿ ಅನ್ನುತ್ತಲೇ ಮೇಸ್ತ್ರಿಯ ಬಲಗೈ ಹೋಗಿ ಎಡಗೈಯ ಮಣಿಕಟ್ಟನ್ನು ಉಜ್ಜಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಬರೀ ಗಾದೆಯಲ್ಲ.

"ಹೇಳೋದೆಲ್ಲ ಅವತ್ತೇ ಹೇಳಿದೀನಲ್ಲ ಸಾರ್."

"ಹೇಳಿದೀಯ. ಈಗ ಇದು ನೋಡು." ಮರಗೈ ಅಂಗಿ ಜೇಬಿನಿಂದ ಒಂದು ಫೋಟೋ ತೆಗೆದು ಬೆಂಚಿನ ಮೇಲಿಟ್ಟ. ಆಸ್ಪತ್ರೆಯವರು ಪಟ್ಟಿ ಬಿಚ್ಚಿದ ಕೂಡಲೇ ತೆಗೆದ ಫೋಟೋ. ಬರೀ ಒಂದು ಕೈ, ಬೆರಳಿಂದ ಮೊಣಕೈವರೆಗೆ.

ಮೇಸ್ತ್ರಿ ನೋಡಲಿಲ್ಲ. "ನಮ್ಮ ಭಾವನ ಕೈ ನಾನು ನೋಡ್ಬೇಕಾ?"

"ನೋಡು. ನಿನ್ನ ಗಡಿಯಾರ ಬಿಚ್ಚಿದ್ರೆ ಕೆಳಗೆ ಏನಿರುತ್ತೆ?"

"ಬಿಳೀ ಗೆರೆ."

"ನಿಮ್ಮ ಭಾವ ಬೆಳಿಗ್ಗೆ ಏಳಕ್ಕೆ ಪಟ್ಟಿ ಕಟ್ಕೊಂಡ ಅಂತ ಬರೆಸಿದೀಯ. ಸಂಜೆ ನಾಲ್ಕರ ತನಕ ಜಲ್ಲಿ ಧೂಳು, ಗ್ರೀಸು, ಬೆವರು. ಪಟ್ಟಿ ಇದ್ದ ಜಾಗದಲ್ಲಿ ಎರಡು ಬೆರಳಗಲ ಬಿಳಿ ಇರ್ಬೇಕಾಗಿತ್ತು. ಎಲ್ಲಿದೆ, ತೋರಿಸು."

ಮೇಸ್ತ್ರಿ ಈಗ ನೋಡಿದ. ಕೈ ಒಂದೇ ಸಮ ಕಪ್ಪಾಗಿತ್ತು. ಪಟ್ಟಿಯಿದ್ದ ಜಾಗ ಯಾವುದು, ಇಲ್ಲದ ಜಾಗ ಯಾವುದು ಅಂತ ಹೆತ್ತ ತಾಯಿಗೂ ಹೇಳಲಾಗುತ್ತಿರಲಿಲ್ಲ.

ಅವನು ಸ್ಪ್ಯಾನರನ್ನು ಕೆಳಗಿಟ್ಟ. ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ಒಂದು ಹಾರೆಯನ್ನು ತಂದು ಮರಗೈಯ ಮುಂದೆ ನೆಟ್ಟಗೆ ಹಿಡಿದ. ಹಾರೆಯ ನಡುವಿನ ಒಂದು ಮೊಳದಷ್ಟು ಜಾಗ ಪಟ್ಟಿ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು.

"ಇದಕ್ಕೆ ಕಟ್ತಿದ್ವಿ ಸಾರ್. ಏಳೂನೂ. ಹಾರೆಗೆ ಬಳೆ ತೊಡಿಸಿದ ಹಾಗೆ."

"ಯಾವಾಗಿಂದ?"

"ಎರಡನೇ ವಾರದಿಂದ. ಭಾವಂಗೆ ಒಬ್ಬನಿಗೇ ಅಲ್ಲ, ಗ್ಯಾಂಗಲ್ಲಿ ನಾಲ್ಕು ಜನರ ಕೈ ಜೋಮು. ನಂದೂ ಸೇರಿ. ನಡುಗೋ ಯಂತ್ರ ಹಿಡಿದು ಹಿಡಿದು ಸತ್ತಿರೋ ಕೈಗೆ ನಡುಗೋ ಪಟ್ಟಿ ಕೊಟ್ರೆ ಏನ್ ಸಾರ್ ಗೊತ್ತಾಗುತ್ತೆ? ಒಬ್ಬ ಒತ್ತೋದು ತಡವಾದ್ರೆ ಸೈರನ್ನು. ಸೈರನ್ ಆದ್ರೆ ಎಲ್ಲಾರೂ ಹದಿನೈದು ನಿಮಿಷ ಕೆಳಗೆ. ದಿನಕ್ಕೆ ನಲವತ್ತು ಗಾಡಿ. ಕೆಲಸ ಆಗಿಲ್ಲ ಅಂತ ಬೈಸ್ಕೊಳೋನು ನಾನು. ಕೈ ಸತ್ತಿದೆ ಅಂತ ಹೇಳಿದ್ರೆ ನಾಲ್ಕು ಜನಾನೂ ಹಳಿಯಿಂದ ಆಚೆ. ಅತ್ತ ದರಿ, ಇತ್ತ ಪುಲಿ."

"ಅದಕ್ಕೇ ಹಾರೆಗೆ ಕಟ್ಟಿ, ಒಬ್ಬನೇ ನಿಂತು ಒತ್ತಿದೆ."

"ಹೂಂ. ಕೆಂಪು ಕಂಡ ತಕ್ಷಣ ಸೀಟಿ ಊದ್ತಿದ್ದೆ. ಕಣ್ಣಲ್ಲಿ ಇಳಿಯೋರ ತಲೆ ಎಣಿಸ್ತಾ, ಪಟ್ಟಿ ಕಡೆ ನೋಡದೇನೇ ಹೆಬ್ಬೆರಳಲ್ಲಿ ಒತ್ತುತ್ತಿದ್ದೆ. ಮೊದಲಿನ ಕಾವಲಿನವನು ಮಾಡ್ತಿದ್ದ ಕೆಲಸಾನೇ. ಪಟ್ಟಿ ಬಂದು ಕಾವಲಿನವನ ಕೆಲಸ ಹೋಯ್ತು, ನನ್ನ ತಲೆಗೆ ಬಂತು."

ಮರಗೈ ಅವನ ಮುಖವನ್ನೇ ನೋಡುತ್ತಿದ್ದ. "ಪಟ್ಟಿ ಆಮೇಲೆ ಅವನ ಕೈಗೆ ಕಟ್ಟಿದ್ದು ಯಾಕೆ?"

ಮೊಳೆಗೆ ಹಾಕಿದ ಚೀಲ ಗೋಡೆಗೆ ಬಡಿದುಕೊಂಡಿತು. ಮೇಸ್ತ್ರಿ ಹಾರೆಯನ್ನು ಅಡಿಯಿಂದ ಮುಡಿಯವರೆಗೆ ಒರೆಸಿ ಮತ್ತೆ ಗೋಡೆಗೆ ಒರಗಿಸಿದ. ಹೊರಗೆ ಪ್ಯಾಸೆಂಜರ್ ಗಾಡಿಯೊಂದು ಬಂತು. ತಗಡಿನ ಮಾಡು ಗಡಗಡ ಅಂದಿತು. ಗಾಡಿ ಹೋಗುವವರೆಗೆ ಇಬ್ಬರೂ ಕಾದರು. ಹಳಿಯವರ ಅಭ್ಯಾಸ ಅದು. ಗಾಡಿ ಬಂದರೆ ಮಾತು ತಾನಾಗಿ ನಿಲ್ಲುತ್ತದೆ.

"ಕೈಯಲ್ಲಿ ಪಟ್ಟಿ ಇಲ್ದೆ ಸತ್ರೆ ತಪ್ಪು ಸತ್ತವನದೇ ಅಂತ ನಿಯಮ ಇದೆ ಸಾರ್," ಅಂದ ಮೇಸ್ತ್ರಿ. "ತಂಗಿ ಮುಂದೆ ಹೋಗಿ ನಿನ್ನ ಗಂಡಂದೇ ತಪ್ಪು ಅಂತ ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ಓಡಿ ಹೋಗಿ ಕಟ್ಟಿದೆ. ಕಟ್ಟುವಾಗ ಕೈ ಇನ್ನೂ ಬಿಸಿ ಇತ್ತು ಅಂತ ಜೊತೇಲಿದ್ದೋರು ಹೇಳಿದ್ರು. ನನಗೆ ಗೊತ್ತಾಗ್ಲಿಲ್ಲ." ಅವನು ತನ್ನ ಬೆರಳುಗಳನ್ನು ತಾನೇ ನೋಡಿಕೊಂಡ. "ತಪ್ಪು ತಪ್ಪಿಸೋಣ ಅಂತ ಕಟ್ಟಿದೆ. ಈಗ ಬೇಕಂತ ಸತ್ತ ಅಂತ ಆಯ್ತು. ತಂಗಿ ಮಗಳು ಮಾತು ಬಿಟ್ಟಿದಾಳೆ. ನನಗೆ ಆ ಮನೆ ಬಾಗಿಲಿಗೆ ಹೋಗಕ್ಕೆ ಮುಖ ಇಲ್ಲ."

"ಆ ಹೊತ್ತಲ್ಲಿ ಏನಾಯ್ತು, ಅದನ್ನ ಹೇಳು."

"ನಾನೇ ಕೊಂದೆ ಸಾರ್. ಬರ್ಕೊಳ್ಳಿ. ಅವನು ಇಳಿದಿದಾನೋ ಇಲ್ವೋ ನೋಡ್ಲಿಲ್ಲ, ಏಳೂ ಒತ್ತಿಬಿಟ್ಟೆ. ಒತ್ತದೆ ಇದ್ದಿದ್ರೆ ಸೈರನ್ ಕೂಗೋದು. ಕಿವಿಗೆ ಮುಚ್ಚಳ ಹಾಕ್ಕೊಂಡು ಯಂತ್ರ ಹಿಡಿದಿದ್ರೂ ಆ ಸೈರನ್ನು ಭಾವಂಗೆ ಕೇಳಿಸೋದು."

ತಪ್ಪೊಪ್ಪಿಗೆ ಅಂದರೆ ಇದೇ. ಬೇರೆ ಯಾರಾದರೂ ಆಗಿದ್ದರೆ ಪೆನ್ನು ತೆಗೆಯುತ್ತಿದ್ದರು. ಮರಗೈ ಎದ್ದು, ಮೂಲೆಯ ಡಬ್ಬದಿಂದ ಏಳು ದಪ್ಪ ಬೋಲ್ಟುಗಳನ್ನು ಆರಿಸಿ ತಂದು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ.

"ಇವು ಏಳು ಪಟ್ಟಿ ಅಂದ್ಕೋ. ದಿನಾ ಹೇಗೆ ಒತ್ತುತ್ತೀಯೋ ಹಾಗೇ ಒತ್ತು."

"ಸಾರ್, ಇದೇನು ಆಟ?"

"ಒತ್ತು."

ಮೇಸ್ತ್ರಿ ಎರಡು ಹೆಬ್ಬೆರಳನ್ನೂ ಎರಡು ಬೋಲ್ಟಿನ ತಲೆಯ ಮೇಲಿಟ್ಟು ಅದುಮಿದ. ಬಾಯಲ್ಲಿ ಒಂದು, ಎರಡು ಅಂತ ಎಣಿಸಿದ. ಮುಂದಿನ ಎರಡು. ಅದರ ಮುಂದಿನ ಎರಡು. ಕೊನೆಗೆ ಒಂದು. ಮರಗೈ ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದ.

"ಒಂಬತ್ತು ಸೆಕೆಂಡು."

"ಹೂಂ. ಹತ್ತರೊಳಗೆ ಮುಗಿಸ್ಬೇಕಲ್ಲ. ಅಭ್ಯಾಸ ಆಗಿದೆ."

"ಇದಕ್ಕಿಂತ ಬೇಗ ಆಗುತ್ತಾ?"

"ಹೇಗಾಗುತ್ತೆ ಸಾರ್? ಒಂದೊಂದನ್ನೂ ಎರಡು ಸೆಕೆಂಡು ಹಿಡೀಲೇಬೇಕು. ನನಗಿರೋದು ಎರಡೇ ಹೆಬ್ಬೆರಳು."

ಮರಗೈ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದ. ಕಂಪನಿ ಮೊದಲು ಕೊಟ್ಟಿದ್ದ ದಾಖಲೆಯಲ್ಲಿ ಸತ್ತವನ ಒಂದೇ ಒಂದು ಸಾಲು ಇತ್ತು. ಉಳಿದ ಆರು ಸಾಲು ಬೇಕು ಅಂತ ಅವನು ಮೂರು ಸಲ ಪತ್ರ ಬರೆದಿದ್ದ. ಅಂತೂ ಇಂತೂ ಇವತ್ತು ಬೆಳಿಗ್ಗೆ ಬಂದಿತ್ತು.

"ಓದು."

ಮೇಸ್ತ್ರಿ ಹಾಳೆಯನ್ನು ದೂರ ಹಿಡಿದು ಓದಿದ. ಎಚ್ಚರಿಕೆ ಹೋಗಿದ್ದು ನಾಲ್ಕು ಗಂಟೆ ಹನ್ನೊಂದು ನಿಮಿಷ ಐದು ಸೆಕೆಂಡಿಗೆ. ಒಂದನೇ ಪಟ್ಟಿ ಹಸಿರಾಗಿದ್ದು ಎಂಟನೇ ಸೆಕೆಂಡಿಗೆ. ಎರಡನೇದು ಎಂಟನೇ ಸೆಕೆಂಡಿಗೆ. ಮೂರನೇದು, ನಾಲ್ಕನೇದು, ಎಲ್ಲವೂ. ಏಳನೇದೂ ಎಂಟನೇ ಸೆಕೆಂಡಿಗೆ. ಎಚ್ಚರಿಕೆ ಹೋಗಿ ಬರೀ ಮೂರು ಸೆಕೆಂಡಿಗೆ.

ಅವನು ಹಾಳೆಯನ್ನು ಇನ್ನೊಂದು ಸಲ ಓದಿದ. "ಏಳೂ ಒಂದೇ ಸಲ?"

"ಒಂದೇ ಸಲ. ಏಳು ಜನ ಬೇಕು, ಇಲ್ಲ ಒಬ್ಬಂಗೇ ಏಳು ಹೆಬ್ಬೆರಳು ಬೇಕು. ನೀನು ಒತ್ತಿಲ್ಲ. ಒತ್ತಿದೆ ಅಂತ ನನಗೆ ಯಾಕೆ ಹೇಳ್ತಿದೀಯ?"

ಮೇಸ್ತ್ರಿ ಹಾಳೆಯನ್ನು ಬೋಲ್ಟುಗಳ ಪಕ್ಕ ಇಟ್ಟ.

"ನನಗೆ ನೆನಪಿಲ್ಲ ಸಾರ್. ದೇವರಾಣೆ ನೆನಪಿಲ್ಲ. ಕೆಲಸದ ಪುಸ್ತಕ ಬರೀತಿದ್ದೆ. ತಲೆ ಎತ್ತಿ ಹಾರೆ ಕಡೆ ನೋಡ್ದೆ. ಕೆಂಪೇ ಇರ್ಲಿಲ್ಲ. ಏಳೂ ಹಸಿರು. ಹಸಿರು ಅಂದ್ರೆ ಎಲ್ಲಾರೂ ಇಳಿದಿದಾರೆ ಅಂತ ತಾನೆ? ನಾನು ಸೀಟಿ ಊದಿ, ಎಣಿಸಿ, ಒತ್ತಿ ಆ ಮೇಲೆ ಬರೆಯೋಕೆ ಕೂತೆ ಅಂದ್ಕೊಂಡೆ. ದಿನಕ್ಕೆ ನಲವತ್ತು ಸಲ ಮಾಡೋ ಕೆಲಸ. ಗಾಡಿ ತಿರುವಲ್ಲಿ ಕಾಣಿಸಿ ಹಾರ್ನ್ ಮಾಡ್ದಾಗ ಉಳಿದೋರೆಲ್ಲ ಹಾರಿದ್ರು. ಭಾವ ಬೆನ್ನು ಮಾಡಿ ನಿಂತಿದ್ದ." ಅವನು ಹೆಬ್ಬೆರಳುಗಳನ್ನು ಮುಂದೆ ಚಾಚಿದ. "ಐದು ದಿನದಿಂದ ಇವನ್ನೇ ಕೇಳ್ತಿದೀನಿ ಸಾರ್, ನೀವು ಒತ್ತಿದ್ರೋ ಇಲ್ವೋ ಅಂತ. ಇವಕ್ಕೆ ಗೊತ್ತಿಲ್ಲ."

ಮರಗೈಗೆ ಅದು ಅರ್ಥವಾಯಿತು. ಜೋಮು ಹಿಡಿದ ಬೆರಳಿಗೆ ಒತ್ತಿದ್ದೂ ಒಂದೇ, ಒತ್ತದ್ದೂ ಒಂದೇ. ತಾನೂ ಎಷ್ಟೋ ಸಲ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ತಿರುಗಿ ಹೋಗಿದ್ದ. ಮೇಸ್ತ್ರಿಯ ಹೆಗಲ ಮೇಲೆ ಕೈಯಿಡಬೇಕು ಅನ್ನಿಸಿತು. ಇಟ್ಟರೆ ಇಟ್ಟದ್ದು ಗೊತ್ತಾಗುವುದಿಲ್ಲ ಅಂತ ಇಡಲಿಲ್ಲ.

"ಉಳಿದ ಆರು ಪಟ್ಟಿ ಎಲ್ಲಿ?"

"ಮಾರನೇ ದಿನ ಬೆಳಿಗ್ಗೇನೇ ಕಂಪನಿ ಎಂಜಿನಿಯರ್ರು ಬಂದು ತಗೊಂಡು ಹೋದ್ರು. ಚಾರ್ಜ್ ಮಾಡಿ ಕೊಡ್ತೀವಿ ಅಂದ್ರು, ಪೆಟ್ಟಿಗೆ ಮಾತ್ರ ಹಳಿ ಪಕ್ಕ ಹಾಗೇ ನಡೀತಿದೆ. ಒಂದು ಸಲ ಚಾರ್ಜ್ ಆದ್ರೆ ಹತ್ತು ದಿನ ಬರೋ ಪಟ್ಟಿ ಅದು. ಹಿಂದಿನ ದಿನ ತಾನೇ ಮಾಡಿತ್ತು." ಮೇಸ್ತ್ರಿ ಮೂಗು ಒರೆಸಿಕೊಂಡ. "ಏಳನೇದು ಎಲ್ಲಿದೆ ಅಂತ ಎರಡು ಸಲ ಕೇಳಿದ್ರು. ಆಸ್ಪತ್ರೇಲಿ ಅಂದೆ."

ಏಳನೇದು ಈಗ ಆಸ್ಪತ್ರೆಯಲ್ಲಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮರಗೈ ರಸೀತಿ ಬರೆದುಕೊಟ್ಟು, ಪ್ಲಾಸ್ಟಿಕ್ ಲಕೋಟೆಯಲ್ಲಿ ಸೀಲು ಮಾಡಿದ್ದನ್ನು ತಂದಿದ್ದ. ಅದು ಮೊಳೆಗೆ ತೂಗುಹಾಕಿದ ಅವನ ಚೀಲದಲ್ಲೇ ಇತ್ತು.

*

ಅವನು ಮತ್ತೆ ಸತ್ತವನ ಮನೆ ಬಾಗಿಲು ತಟ್ಟಿದಾಗ ನಾಲ್ಕು ದಾಟಿತ್ತು. ಮಗಳು ಅದೇ ಸ್ಟೂಲಿನ ಮೇಲೆ ಅದೇ ಭಂಗಿಯಲ್ಲಿ ಕೂತಿದ್ದಳು. ಈ ಮನೆಯಲ್ಲಿ ಐದು ದಿನದಿಂದ ಗಾಡಿಗಳು ಮಾತ್ರ ಓಡಾಡಿದ್ದವು ಅನ್ನಿಸಿತು.

ಮರಗೈಗೆ ಸುತ್ತಿ ಬಳಸಿ ಹೇಳುವುದು ಬರುತ್ತಿರಲಿಲ್ಲ. ಅವನು ಸ್ಟೂಲಿನ ಎದುರು ನೆಲದ ಮೇಲೇ ಕೂತು, ನೇರವಾಗಿ ಮಗಳಿಗೇ ಹೇಳಿದ.

"ನಿಮ್ಮಪ್ಪ ಪಟ್ಟಿ ಒತ್ತಿಲ್ಲ ಮಗಳೇ. ಪಟ್ಟಿ ಅವನ ಕೈಯಲ್ಲೇ ಇರ್ಲಿಲ್ಲ. ದೂರದಲ್ಲಿ ಹಾರೆಗೆ ಕಟ್ಟಿತ್ತು. ಗಾಡಿ ಬರ್ತಿದೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ. ಪಟ್ಟಿ ಕೈಗೆ ಬಂದಿದ್ದು ಆಮೇಲೆ. ನಿಮ್ಮ ಮಾಮನೇ ಕಟ್ಟಿದ್ದು, ನಿಮ್ಮಪ್ಪನ ಮೇಲೆ ತಪ್ಪು ಬರಬಾರದು ಅಂತ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಕೇಳಿಸ್ಕೊಂಡ್ಯಾ? ನಿನ್ನ ಮಾತಿಗಲ್ಲ. ಕೇಳಿಸ್ಕೊಂಡ್ಯಾ ಪುಟ್ಟಿ?"

ಮಗಳು ಮರಗೈಯನ್ನು ನೋಡಿದಳು. ನಂಬಿದ ಕಣ್ಣಲ್ಲ ಅದು. ಐದು ದಿನದಿಂದ ಬಂದವರೆಲ್ಲ ಸಮಾಧಾನಕ್ಕೆ ಒಂದೊಂದು ಮಾತು ಹೇಳಿ ಹೋಗಿದ್ದರು. ಇದೂ ಅದರಲ್ಲೊಂದು ಅಂತ ಅವಳು ಎಣಿಸಿದ್ದು ಮುಖದಲ್ಲೇ ಬರೆದಿತ್ತು.

"ಮತ್ತೆ ಒತ್ತಿದ್ದು ಯಾರು ಸಾರ್?" ಕೇಳಿದಳು ತಾಯಿ. "ಕಾಗದದಲ್ಲಿ ಒತ್ತಿದೆ ಅಂತ ಇದೆಯಲ್ಲ."

"ಗೊತ್ತಿಲ್ಲ."

ಅಷ್ಟು ಹೇಳಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಹಳ ದಿನದ ಮೇಲೆ ಆದ ಭಾವನೆ, ಅದೂ ಹೇಸಿಗೆ. ಅರ್ಧ ನಿಜ ಹಿಡಿದು ಮಗುವಿನ ಮುಂದೆ ಕೂತಿದ್ದ. ಅರ್ಧ ನಿಜಕ್ಕೆ ಈ ಹುಡುಗಿ ಬಾಯಿ ತೆಗೆಯುವುದಿಲ್ಲ, ಸಾಹೇಬರು ಕಾಗದ ಬದಲಾಯಿಸುವುದಿಲ್ಲ.

ಮಗಳು ಅವನ ಚೀಲದ ಕಡೆ ಬೆರಳು ತೋರಿಸಿದಳು. ಅವಳಿಗೆ ಪಟ್ಟಿಯನ್ನು ನೋಡಬೇಕಿತ್ತು.

ಮರಗೈ ಲಕೋಟೆಯನ್ನು ತೆಗೆದ. ಒಳಗೆ ಕಪ್ಪು ಪಟ್ಟಿ, ಸಣ್ಣ ದೀಪ, ಪಕ್ಕದಲ್ಲಿ ಒತ್ತುಗುಂಡಿ, ಬಿಳಿ ಬಣ್ಣದಲ್ಲಿ ಏಳು ಅಂತ ಬರೆದ ಅಂಕಿ. ಆರಿಸುವ ಗುಂಡಿ ಅದಕ್ಕೆ ಇರಲೇ ಇಲ್ಲ. ಗ್ಯಾಂಗಿನವರು ಕಳ್ಳಾಟ ಆಡಿ ಆರಿಸಿಬಿಡಬಾರದು ಅಂತ ಕಂಪನಿಯವರು ಜಾಣತನದಿಂದ ಅದನ್ನು ಇಟ್ಟಿರಲಿಲ್ಲ. ಸೀಲು ಒಡೆಯದೆ, ಲಕೋಟೆಯನ್ನು ಅಂಗೈ ಮೇಲಿಟ್ಟು ಅವಳ ಮುಂದೆ ಚಾಚಿದ.

"ನೋಡು. ಇದೇ. ಇದನ್ನ..."

"ಅಂಕಲ್."

ದನಿ ಒಣಗಿ ಬಿರುಕು ಬಿಟ್ಟಿತ್ತು. ತಾಯಿ ಬೆಚ್ಚಿಬಿದ್ದು ಮಗಳ ಕಡೆ ತಿರುಗಿದಳು.

"ಅಂಕಲ್, ಅದು ನಡುಗ್ತಿದೆ."

ಮರಗೈ ಕೆಳಗೆ ನೋಡಿದ. ಅವನ ಅಂಗೈ ಮೇಲೆ ಲಕೋಟೆ ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಕೆಂಪು ದೀಪ ಮಿಟುಕಿಸುತ್ತಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹನ್ನೊಂದು.

ಒಂದು, ಅಂತ ಅವನ ಮನಸ್ಸು ತಾನಾಗಿ ಎಣಿಸಿತು. ಎರಡು. ಮೂರು.

ದೀಪ ಹಸಿರಾಯಿತು.

ಮೂವರಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಅವನ ಹೆಬ್ಬೆರಳು ಲಕೋಟೆಯ ಅಂಚಿನಲ್ಲಿತ್ತು, ಒತ್ತುಗುಂಡಿಯಿಂದ ನಾಲ್ಕು ಬೆರಳು ದೂರ. ಸೀಲು ಹಾಗೇ ಇತ್ತು. ಪೆಟ್ಟಿಗೆಯ ಸೈರನ್ ಕೂಗಲಿಲ್ಲ. ಯಾಕೆ ಕೂಗಬೇಕು, ಪಟ್ಟಿ ಒತ್ತಿಯಾಗಿತ್ತಲ್ಲ. ಐದು ದಿನದ ಹಿಂದೆ ಸತ್ತವನು ಈ ಸಂಜೆಯೂ ಅದೇ ಮೂರನೇ ಸೆಕೆಂಡಿಗೆ ಒತ್ತಿದ್ದ.

ಒಂದು ನಿಮಿಷದ ಮೇಲೆ ನಾಲ್ಕು ಹನ್ನೆರಡರ ಗಾಡಿ ಹಾದುಹೋಯಿತು. ಪಾತ್ರೆಗಳು ಕಿಣಿಕಿಣಿ ಅಂದವು. ಮಗಳು ಈ ಸಲ ತಿರುಗಿ, ಕೊನೆಯ ಬೋಗಿ ಹೋಗುವವರೆಗೂ ಕಿಟಕಿಯಿಂದ ನೋಡಿದಳು.

"ಅಪ್ಪ ಅಲ್ಲ," ಅಂದಳು. ಮತ್ತೆ ಅಂದಳು, "ಅಪ್ಪ ಅಲ್ಲಮ್ಮ." ಆಮೇಲೆ ಅವಳಿಗೆ ಅಳು ಬಂತು. ಐದು ದಿನ ಬರದೆ ನಿಂತಿದ್ದ ಅಳು, ಬಿಕ್ಕಿ ಬಿಕ್ಕಿ ಬಂತು. ತಾಯಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

ಮರಗೈಗೆ ಬೆಳಿಗ್ಗೆಯಿಂದ ಹಾದುಹೋದ ಗಾಡಿಗಳು ನೆನಪಾದವು. ಇದೇ ಮನೆಯಲ್ಲಿ ಕುರ್ಚಿಯ ಮೇಲೆ ಒಂಚೂರು ಸರಿದ ಚೀಲ. ಹತ್ಯಾರಿನ ಕೊಠಡಿಯಲ್ಲಿ ಗೋಡೆಗೆ ಬಡಿದುಕೊಂಡ ಚೀಲ. ಬರುವ ಗಾಡಿಯ ಅದುರಿಗೆ ಅಂತ ಬಿಟ್ಟಿದ್ದ. ಅಷ್ಟೂ ಸಲ ಅದು ಒಳಗೆ ನಡುಗಿ, ತಾನಾಗಿ ಹಸಿರಾಗಿತ್ತು. ಮೂರು ತಿಂಗಳಲ್ಲಿ ಒಂದೇ ಒಂದು ಸಲ ಸೈರನ್ ಕೂಗಿಲ್ಲ ಅಂತ ಸಾಹೇಬರು ಹೆಮ್ಮೆ ಪಟ್ಟಿದ್ದರು. ಸೋಮವಾರದಿಂದ ನಾನೂರು ಗ್ಯಾಂಗು.

ಜೇಬಿನ ಫೋನು ಹೊಡೆದುಕೊಂಡಿತು. ಸಾಹೇಬರಲ್ಲ. ಕಂಪನಿಯ ಎಂಜಿನಿಯರ್.

"ನಮಸ್ಕಾರ ಸಾರ್," ಅಂದಿತು ಬೆಣ್ಣೆಯಂಥ ದನಿ. "ಏಳನೇ ಪಟ್ಟಿ ನಿಮ್ಮ ಹತ್ರ ಇದೆ ಅಲ್ವಾ? ಬೆಳಿಗ್ಗೆಯಿಂದ ನಮ್ಮ ಪರದೆ ಮೇಲೆ ಕಾಣಿಸ್ತಾ ಇದೆ. ಅಪಘಾತ ಆದ ಪಟ್ಟಿ ಸಾರ್, ಕೆಟ್ಟಿರುತ್ತೆ. ಏನೇನೋ ತೋರಿಸುತ್ತೆ. ನೀವು ತಪ್ಪು ತಿಳ್ಕೋಬಾರ್ದು. ನಮ್ಮೋರು ಬಂದು ತಗೊಂಡು ಹೋಗ್ತಾರೆ."

"ಆಗ್ಲಿ," ಅಂದ ಮರಗೈ ಅಭ್ಯಾಸಬಲದಿಂದ. "ಆಫೀಸಿಗೆ ಬರಕ್ಕೆ ಹೇಳಿ."

"ಆಫೀಸಿಗೆ ಯಾಕೆ ಸಾರ್? ನೀವೀಗ ಕೂತಿರೋ ಮನೆಗೇ ಬರ್ತಿದಾರೆ."

ಎಲ್ಲಿ ಕೂತಿದ್ದೇನೆ ಅಂತ ಅವನು ಯಾರಿಗೂ ಹೇಳಿರಲಿಲ್ಲ.

ಹೊರಗೆ ಗೇಟಿನ ಚಿಲಕ ತೆಗೆದ ಸದ್ದಾಯಿತು. ಹೆಜ್ಜೆಗಳು, ಒಬ್ಬನದಲ್ಲ, ಇಬ್ಬರದು. ಮರಗೈ ಅಂಗೈ ನೋಡಿಕೊಂಡ. ಅಂಗೈ ಖಾಲಿಯಿತ್ತು. ಲಕೋಟೆ ಹೋಗಿದ್ದೂ ಅವನಿಗೆ ಗೊತ್ತಾಗಿರಲಿಲ್ಲ.

ಮಗಳು ಅದನ್ನು ಸ್ಕೂಲು ಚೀಲದ ತಳಕ್ಕೆ ತುರುಕಿ, ಚೀಲವನ್ನು ಎದೆಗವಚಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಕೆನ್ನೆ ಇನ್ನೂ ಒದ್ದೆಯಿತ್ತು. ದನಿ ಮಾತ್ರ ಈಗ ನೆಟ್ಟಗಿತ್ತು.

"ಸಹಿ ಹಾಕ್ಬೇಡಿ ಅಂಕಲ್," ಅಂದಳು. ಅಂದವಳೇ ಹಿತ್ತಿಲಿಗೆ ಇಳಿದು, ಹಳಿಯ ಕಡೆ ಓಡಿದಳು.